ಕಸ ತುಂಬಿದ ನೆಲದಲ್ಲಿ ಮೆಟಲ್ ಡಿಟೆಕ್ಟರ್ ಸೆಟ್ಟಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸದಾಗಿ ಡಿಟೆಕ್ಟರ್ ಕೊಂಡವರ ಮೊದಲ ಪ್ರಶ್ನೆ ಯಾವಾಗಲೂ ‘ಎಷ್ಟು ಆಳಕ್ಕೆ ಹೋಗುತ್ತೆ?’ ಮೊಳೆ, ತಗಡು, ಫಾಯಿಲ್, ಬಾಟಲಿ ಮುಚ್ಚಳ ಹರಡಿದ ನೆಲದಲ್ಲಿ ಅರ್ಧ ದಿನ ಕಳೆದವರು ಆ ಪ್ರಶ್ನೆಯನ್ನೇ ಮರೆತುಬಿಡುತ್ತಾರೆ. ಅಲ್ಲಿ ಆಳಕ್ಕಿಂತ ಹೆಚ್ಚಾಗಿ ಬೇಕಾಗುವುದು ಒಂದರಿಂದ ಇನ್ನೊಂದನ್ನು ಬಿಡಿಸಿ ಕೇಳುವ ಶಕ್ತಿ. ಇಲ್ಲಿನ ಉತ್ತರಗಳು ವಿಎಲ್‌ಎಫ್ (ವೆರಿ ಲೋ ಫ್ರೀಕ್ವೆನ್ಸಿ) ಯಂತ್ರಗಳಿಗೆ, ಅಂದರೆ ಹವ್ಯಾಸಿಗಳ ಕೈಯಲ್ಲಿರುವ ಬಹುಪಾಲು ಡಿಟೆಕ್ಟರ್‌ಗಳಿಗೆ ಸಂಬಂಧಿಸಿದವು.

ಕಸದ ನೆಲದಲ್ಲಿ ನನ್ನ ಯಂತ್ರ ಎಡೆಬಿಡದೆ ಕೂಗುತ್ತದೆ. ಕೆಟ್ಟಿದೆಯೇ?

ಇಲ್ಲ, ಅದರ ಕೆಲಸ ಅದು ಮಾಡುತ್ತಿದೆ. ಒಂದು ಕಾಯಿಲ್ (ತಂತಿಯ ಸುರುಳಿ) ನೆಲದೊಳಕ್ಕೆ ಕಾಂತಕ್ಷೇತ್ರ ಕಳಿಸುತ್ತದೆ, ಲೋಹದಲ್ಲಿ ಸುಳಿ ವಿದ್ಯುತ್ ಹುಟ್ಟುತ್ತದೆ, ಅದರ ಮಾರ್ದನಿಯನ್ನು ಇನ್ನೊಂದು ಕಾಯಿಲ್ ಕೇಳಿಸಿಕೊಳ್ಳುತ್ತದೆ. ಮಾರ್ದನಿ ಎಷ್ಟು ತಡವಾಗಿ ಬಂತು ಎಂಬುದನ್ನು ನೋಡಿ ಯಂತ್ರ ‘ಇದು ಕಬ್ಬಿಣ, ಇದು ಬೆಳ್ಳಿ’ ಎಂದು ಊಹಿಸುತ್ತದೆ. ಒಂದು ಸಲಕ್ಕೆ ಒಂದೇ ಲೋಹ ಸಿಕ್ಕರೆ ಊಹೆ ಬಹುಮಟ್ಟಿಗೆ ಸರಿ. ಕಾಯಿಲ್ ಕೆಳಗೆ ನಾಲ್ಕು ಮೊಳೆ, ಒಂದು ಫಾಯಿಲ್ ಚೂರು, ಒಂದು ನಾಣ್ಯ ಒಟ್ಟಿಗೆ ಬಂದರೆ ಅದಕ್ಕೆ ಕೇಳಿಸುವುದು ಸಂತೆಯ ಗದ್ದಲ.

ನಾಣ್ಯದ ಮೇಲೇ ಕಾಯಿಲ್ ಹೋದರೂ ಸದ್ದು ಬರದಿರುವುದು ಯಾಕೆ?

ಇದಕ್ಕೆ ಮಾಸ್ಕಿಂಗ್ ಅನ್ನುತ್ತಾರೆ. ಮರೆಮಾಚುವಿಕೆ ಎಂದರೂ ಆದೀತು. ಮೇಲಿರುವ ಅಥವಾ ಪಕ್ಕದ ಕಬ್ಬಿಣದ ದೊಡ್ಡ ಸಂಕೇತದೊಳಗೆ ನಾಣ್ಯದ ಸಣ್ಣ ಸಂಕೇತ ಮುಳುಗಿಹೋಗುತ್ತದೆ.

ಮೆಟಲ್ ಡಿಟೆಕ್ಟರ್ ಹುಟ್ಟಿದ ಕಾಲದಿಂದಲೂ ಈ ಕಾಟ ಇದೆ. 1881ರ ಜುಲೈನಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್‌ಗೆ ಗುಂಡೇಟು ಬಿತ್ತು. ದೇಹದೊಳಗಿನ ಗುಂಡನ್ನು ಪತ್ತೆಹಚ್ಚಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ಒಂದು ಇಂಡಕ್ಷನ್ ಬ್ಯಾಲೆನ್ಸ್ ಯಂತ್ರ ಜೋಡಿಸಿಕೊಂಡು ಹೋದರು. ಪ್ರಯೋಗಗಳಲ್ಲಿ ಚೆನ್ನಾಗಿಯೇ ನಡೆದ ಯಂತ್ರ ರೋಗಿಯ ಹಾಸಿಗೆಯ ಬಳಿ ಎಲ್ಲೆಲ್ಲೋ ಸದ್ದು ಮಾಡಿತು. ಹಾಸಿಗೆಯ ಕೆಳಗೆ ಉಕ್ಕಿನ ತಂತಿಗಳಿದ್ದದ್ದು ಆಮೇಲೆ ಗೊತ್ತಾಯಿತು. ಜೊತೆಗೆ ಗುಂಡು ಬಲಬದಿಯಲ್ಲಿದೆ ಎಂದು ನಂಬಿದ್ದ ವೈದ್ಯರು ಅಲ್ಲೇ ಹುಡುಕಿಸಿದ್ದರು, ಗುಂಡು ಇದ್ದದ್ದು ಎಡಕ್ಕೆ. ಮೊಳೆಗಳ ನಡುವೆ ನಾಣ್ಯ ಹುಡುಕುವಾಗ ಕೈಸೋತರೆ ಬೇಸರ ಬೇಡ, ಬೆಲ್ ಸಾಹೇಬರಿಗೂ ಆಗಿದ್ದು ಇದೇ.

ಹಾಗಾದರೆ ಡಿಸ್ಕ್ರಿಮಿನೇಷನ್ (ಬೇಡದ ಲೋಹದ ಸದ್ದು ಅಳಿಸುವ ಸೆಟ್ಟಿಂಗ್) ಪೂರ್ತಿ ಏರಿಸಿ ಕಬ್ಬಿಣವನ್ನು ಬಾಯಿ ಮುಚ್ಚಿಸಿದರೆ ಆಯಿತಲ್ಲ?

ಹೊಸಬರು ಮಾಡುವ ಅತಿ ದೊಡ್ಡ ತಪ್ಪು ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಡಿಸ್ಕ್ರಿಮಿನೇಷನ್ ಮೊಳೆಯನ್ನು ನೆಲದಿಂದ ತೆಗೆದುಹಾಕುವುದಿಲ್ಲ, ಅದರ ಸದ್ದನ್ನು ಮಾತ್ರ ಅಳಿಸುತ್ತದೆ. ಮೊಳೆ ಮತ್ತು ನಾಣ್ಯ ಎರಡೂ ಸೇರಿ ಬಂದ ಮಿಶ್ರ ಸಂಕೇತದಲ್ಲಿ ಕಬ್ಬಿಣದ ಪಾಲು ಹೆಚ್ಚಿದ್ದರೆ ಯಂತ್ರ ಇಡೀ ಸಂಕೇತವನ್ನೇ ನುಂಗಿಬಿಡುತ್ತದೆ, ನಾಣ್ಯವೂ ಅದರ ಜೊತೆ ಹೋಯಿತು. ಕಿವಿಗೆ ಹಿತ, ಚೀಲ ಖಾಲಿ.

ಒಮ್ಮೆ ಹಳೆಯ ಮನೆ ಕುಸಿದ ಜಾಗದಲ್ಲಿ ನಾನು ಹೀಗೇ ಕಬ್ಬಿಣವನ್ನೆಲ್ಲ ಮುಚ್ಚಿಹಾಕಿ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ನಡೆದೆ. ಒಂದೂ ಒಳ್ಳೆಯ ಸದ್ದಿಲ್ಲ. ‘ಜಾಗ ಖಾಲಿ’ ಎಂದು ತೀರ್ಮಾನಿಸಿ, ಬೇಜಾರಿಗೆ ಯಾವ ಲೋಹದ ಸದ್ದನ್ನೂ ಅಳಿಸದ ಆಲ್ ಮೆಟಲ್ ಮೋಡ್ ಹಾಕಿದೆ. ಹೆಜ್ಜೆಗೆ ಏಳೆಂಟು ಮೊಳೆ ಗುರ್ ಎಂದವು. ಆ ಗುರ್ ಗುರ್ ನಡುವೆ ಸೊಳ್ಳೆ ಹಾಡಿದಷ್ಟು ಸಣ್ಣಗೆ ಒಂದು ‘ಟಿಕ್’. ಎರಡು ತುಕ್ಕು ಮೊಳೆಗಳ ನಡುವೆ, ಬೆರಳುದ್ದದ ಆಳದಲ್ಲಿ, ಹಸಿರುಗಟ್ಟಿದ ತಾಮ್ರದ ಗುಂಡಿಯೊಂದು ಮಲಗಿತ್ತು. ಬೆಳಗ್ಗೆ ಅದರ ಮೇಲೇ ಎರಡು ಸಲ ಹೋಗಿದ್ದೆ.

ಹಾಗಾಗಿ ಕಬ್ಬಿಣವನ್ನು ಪೂರ್ತಿ ಅಳಿಸುವ ಬದಲು ತಗ್ಗಿದ ಸ್ವರದಲ್ಲಿ ಮಾತಾಡಲು ಬಿಡಿ. ಐರನ್ ವಾಲ್ಯೂಮ್ ಎಂಬ ಸೆಟ್ಟಿಂಗ್ ಇದ್ದರೆ ಅರ್ಧಕ್ಕಿಂತ ಕಡಿಮೆ ಇಟ್ಟುಕೊಳ್ಳಿ. ಸೋನೆಮಳೆ ಸುರಿದ ಹಾಗೆ ಹಿನ್ನೆಲೆಯಲ್ಲಿ ಗುರುಗುಟ್ಟುತ್ತಿರಲಿ. ಹತ್ತು ನಿಮಿಷದಲ್ಲಿ ಕಿವಿ ಒಗ್ಗುತ್ತದೆ, ಆಮೇಲೆ ಬೇರೆ ಸ್ವರ ಬಂದರೆ ತಾನಾಗಿಯೇ ನಿಲ್ಲುತ್ತೀರಿ.

ರಿಕವರಿ ಸ್ಪೀಡ್ ಅಂದರೇನು? ಎಷ್ಟಿರಬೇಕು?

ಒಂದು ಲೋಹಕ್ಕೆ ಉತ್ತರ ಕೊಟ್ಟು, ಸುಧಾರಿಸಿಕೊಂಡು, ಮುಂದಿನ ಲೋಹಕ್ಕೆ ಕಿವಿಗೊಡಲು ಯಂತ್ರಕ್ಕೆ ಬೇಕಾಗುವ ಸಮಯವನ್ನು ಹಿಡಿದಿಡುವ ಸೆಟ್ಟಿಂಗ್ ಇದು. ಮೈನ್‌ಲ್ಯಾಬ್ ಕಂಪನಿಯವರು ರಿಕವರಿ ಸ್ಪೀಡ್ ಎನ್ನುತ್ತಾರೆ, ಎಕ್ಸ್‌ಪಿ ಕಂಪನಿಯ ಡೀಯಸ್ ಯಂತ್ರದಲ್ಲಿ ಅದಕ್ಕೆ ರಿಯಾಕ್ಟಿವಿಟಿ ಎಂಬ ಹೆಸರು. ಕಸದ ನೆಲದಲ್ಲಿ ಒಂದೇ ಒಂದು ಸೆಟ್ಟಿಂಗ್ ಬದಲಿಸಲು ಅವಕಾಶ ಕೊಟ್ಟರೆ ನಾನು ಕೈಹಾಕುವುದು ಇದಕ್ಕೇ.

ಲೆಕ್ಕ ಹಾಕಿ ನೋಡಿ. ಕಾಯಿಲನ್ನು ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಬೀಸುತ್ತಿದ್ದೀರಿ, ಮೊಳೆಗೂ ನಾಣ್ಯಕ್ಕೂ 10 ಸೆಂಟಿಮೀಟರ್ ಅಂತರ. ಮೊಳೆ ದಾಟಿ ನಾಣ್ಯಕ್ಕೆ ಬರಲು ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಅಷ್ಟರೊಳಗೆ ಯಂತ್ರ ಸುಧಾರಿಸಿಕೊಳ್ಳದಿದ್ದರೆ ಎರಡೂ ಸೇರಿ ಒಂದೇ ಗುರ್ ಆಗುತ್ತದೆ.

ವೇಗ ಏರಿಸಿದರೆ ಆಳ ತುಸು ಕಡಿಮೆಯಾಗುತ್ತದೆ, ಸದ್ದುಗಳೂ ಮೊಟಕಾಗುತ್ತವೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಹಾಗೆ ಆಳ ಮತ್ತು ವೇಗ ಯಾವಾಗಲೂ ಎದುರುಬದುರು. ಮೈನ್‌ಲ್ಯಾಬ್‌ನ ಎಕ್ವಿನಾಕ್ಸ್ 800ರಲ್ಲಿ ಈ ಸೆಟ್ಟಿಂಗ್ 1ರಿಂದ 8ರವರೆಗೆ ಇದೆ. ಮೊಳೆ ಬಿತ್ತಿದಂಥ ನೆಲದಲ್ಲಿ ನಾನು 6 ಅಥವಾ 7ರಲ್ಲಿ ಶುರು ಮಾಡುತ್ತೇನೆ, ತೆರೆದ ಹೊಲ ಸಿಕ್ಕಾಗ 4ಕ್ಕೆ ಇಳಿಸುತ್ತೇನೆ. ಬೇರೆ ಯಂತ್ರವಾದರೆ ಇರುವ ಶ್ರೇಣಿಯ ಮುಕ್ಕಾಲು ಭಾಗದಿಂದ ಆರಂಭಿಸಿ. ಕೊನೆಯ ಅಂಕಿಗೆ ಒಯ್ಯುವುದು ನನಗಿಷ್ಟವಿಲ್ಲ, ಸದ್ದು ತೀರಾ ಚುಟುಕಾಗಿ ಒಳ್ಳೆಯದು ಯಾವುದು ಕೆಟ್ಟದ್ದು ಯಾವುದು ಎಂದು ತಿಳಿಯುವುದೇ ಕಷ್ಟ.

ನನ್ನ ಯಂತ್ರದಲ್ಲಿ ಆ ಸೆಟ್ಟಿಂಗೇ ಇಲ್ಲವಲ್ಲ?

ಕೈ ನಿಧಾನ ಮಾಡಿ. ಬೀಸುವ ವೇಗ ಅರ್ಧಕ್ಕಿಳಿದರೆ ಯಂತ್ರಕ್ಕೆ ಸಿಗುವ ಸಮಯ ಇಮ್ಮಡಿಯಾಗುತ್ತದೆ. ತೀರಾ ನಿಂತೂಬಿಡಬೇಡಿ, ಇವು ಚಲನೆಯ ಮೇಲೆ ಕೆಲಸ ಮಾಡುವ ಯಂತ್ರಗಳು.

ಸೆನ್ಸಿಟಿವಿಟಿ ಇಳಿಸಿದರೆ ಆಳ ಕಳೆದುಕೊಳ್ಳುವುದಿಲ್ಲವೇ?

ಕಳೆದುಕೊಳ್ಳುತ್ತೀರಿ, ಆದರೆ ಹೆದರಿದಷ್ಟಲ್ಲ. ಕಾಯಿಲ್‌ನಿಂದ ದೂರ ಹೋದಂತೆ ಕಾಂತಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ, ಮರಳಿ ಬರುವ ಮಾರ್ದನಿಯೂ ಅಷ್ಟೇ ಕುಗ್ಗುತ್ತದೆ. ಎರಡೂ ಸೇರಿ, ಕಾಯಿಲ್‌ನ ಅಗಲ ಮೀರಿದ ದೂರದಲ್ಲಿ, ಆಳ ಎರಡು ಪಟ್ಟಾದರೆ ಸಂಕೇತ ಸುಮಾರು 64 ಪಟ್ಟು ಸಣ್ಣದಾಗುತ್ತದೆ. ಇದನ್ನೇ ತಿರುಗಿಸಿ ಓದಿ: ಗೇನ್ (ಸೆನ್ಸಿಟಿವಿಟಿ ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಅರ್ಧ ಮಾಡಿದರೂ ಆಳ ಅರ್ಧವಾಗುವುದಿಲ್ಲ, ಸುಮಾರು ಹತ್ತನೇ ಒಂದು ಭಾಗ ಹೋದೀತು.

ಅದಕ್ಕೆ ಪ್ರತಿಯಾಗಿ ಸಿಗುವುದೇನು? ಆಳದಲ್ಲಿ, ಅಂಚಿನಲ್ಲಿ ಇರುವ ಎಷ್ಟೋ ಕಬ್ಬಿಣ ಚೂರುಗಳು ಚಿತ್ರದಿಂದಲೇ ಹೊರಬೀಳುತ್ತವೆ. ಕಾಯಿಲ್ ಕೆಳಗೆ ಕೇಳಿಸುವ ಗುಂಪು ಚಿಕ್ಕದಾಗುತ್ತದೆ. ಕಸದ ನೆಲದಲ್ಲಿ ನಿಮ್ಮ ಕೈಗೆ ಸಿಗುವ ವಸ್ತು ಹೇಗೂ ಮೇಲಿನ ಒಂದು ಗೇಣಿನೊಳಗೇ ಇರುತ್ತದೆ. ಗರಿಷ್ಠ ಅಂಕಿಯ ಮೂರನೇ ಎರಡು ಭಾಗದಲ್ಲಿ ಶುರುಮಾಡಿ, ಯಂತ್ರ ಇನ್ನೂ ಬಡಬಡಿಸಿದರೆ ಒಂದೊಂದೇ ಮೆಟ್ಟಿಲು ಇಳಿಸಿ. ವಿದ್ಯುತ್ ತಂತಿಯ ಕೆಳಗಿನ ಬಡಬಡಿಕೆ ಬೇರೆ ಜಾತಿಯದು: ಕಾಯಿಲನ್ನು ಗಾಳಿಯಲ್ಲಿ ಅಲ್ಲಾಡಿಸದೆ ಹಿಡಿದರೂ ಸದ್ದು ಬರುತ್ತಿದ್ದರೆ ಅದು ಹೊರಗಿನ ಅಡಚಣೆ. ಅದಕ್ಕೆ ನಾಯ್ಸ್ ಕ್ಯಾನ್ಸಲ್ ಒತ್ತಿ ಅಥವಾ ಫ್ರೀಕ್ವೆನ್ಸಿ ಬದಲಿಸಿ.

ಯಾವ ಕಾಯಿಲ್ ಹಾಕಲಿ?

ಸಣ್ಣದು. 11 ಇಂಚಿನ ಕಾಯಿಲ್ 6 ಇಂಚಿನದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ನೆಲವನ್ನು ಒಮ್ಮೆಗೆ ಮುಚ್ಚುತ್ತದೆ. ದೊಡ್ಡದರ ಕೆಳಗೆ ಹತ್ತು ಮೊಳೆ ಇದ್ದ ಕಡೆ ಸಣ್ಣದರ ಕೆಳಗೆ ಮೂರು. ಸೆಟ್ಟಿಂಗ್ ತಿದ್ದಿ ತಿದ್ದಿ ಬೇಸತ್ತವರಿಗೆ ಸಣ್ಣ ಕಾಯಿಲ್ ಹೊಸ ಯಂತ್ರ ಕೊಂಡಷ್ಟು ವ್ಯತ್ಯಾಸ ತೋರಿಸುತ್ತದೆ.

ಆಕಾರದ ಮಾತೂ ಇದೆ. ಡಿಡಿ ಕಾಯಿಲ್ (ಇಂಗ್ಲಿಷಿನ D ಆಕಾರದ ಎರಡು ಸುರುಳಿ ಬೆನ್ನಿಗೆ ಬೆನ್ನು ಹಚ್ಚಿದ್ದು) ಮುಂದಿನಿಂದ ಹಿಂದಕ್ಕೆ ಚಾಕುವಿನ ಅಲಗಿನಂತೆ ತೆಳ್ಳಗೆ ನೋಡುತ್ತದೆ, ಆದ್ದರಿಂದ ಅಕ್ಕಪಕ್ಕದ ವಸ್ತುಗಳನ್ನು ಚೆನ್ನಾಗಿ ಬಿಡಿಸುತ್ತದೆ. ಕಾನ್ಸೆಂಟ್ರಿಕ್ ಕಾಯಿಲ್ (ದೊಡ್ಡ ಸುರುಳಿಯೊಳಗೆ ಸಣ್ಣ ಸುರುಳಿ ಇರುವುದು) ಆಲಿಕೆಯಂತೆ ಕೆಳಗೆ ಕಿರಿದಾಗುತ್ತ ಹೋಗುತ್ತದೆ. ಚಪ್ಪಟೆ ಕಬ್ಬಿಣವನ್ನು, ಮುಖ್ಯವಾಗಿ ಬಾಟಲಿ ಮುಚ್ಚಳವನ್ನು, ಗುರುತಿಸುವುದರಲ್ಲಿ ಇದು ಡಿಡಿಗಿಂತ ಪ್ರಾಮಾಣಿಕ. ಮೊಳೆ ಹೆಚ್ಚಿದ್ದರೆ ಡಿಡಿ, ಮುಚ್ಚಳ ಹೆಚ್ಚಿದ್ದರೆ ಕಾನ್ಸೆಂಟ್ರಿಕ್ ಎಂದು ಒರಟಾಗಿ ನೆನಪಿಟ್ಟುಕೊಳ್ಳಿ. ಡಿಡಿಯ ಅಲಗು ಉದ್ದಕ್ಕೆ ಇರುವುದರಿಂದ ಒಂದೇ ದಿಕ್ಕಿನಿಂದ ನೋಡಿ ಬಿಡುವ ಹಾಗಿಲ್ಲ. ಉತ್ತರ-ದಕ್ಷಿಣ ಬೀಸಿದಾಗ ಮುಚ್ಚಿಹೋಗಿದ್ದ ನಾಣ್ಯ ಪೂರ್ವ-ಪಶ್ಚಿಮ ಬೀಸಿದಾಗ ಎದ್ದು ಕೂರುತ್ತದೆ.

ಪಾನೀಯದ ಕ್ಯಾನಿನ ಕಿವಿಗಳನ್ನು (ಪುಲ್ ಟ್ಯಾಬ್) ನಾಚ್ ಮಾಡಿ, ಅಂದರೆ ಆ ಅಂಕಿಗಳ ಸದ್ದು ಮಾತ್ರ ಅಳಿಸಿ, ತೆಗೆದುಬಿಡಲೇ?

ನಾಣ್ಯ ಮಾತ್ರ ಬೇಕಿದ್ದರೆ ಮಾಡಿ. ಉಂಗುರ ಬೇಕಿದ್ದರೆ ಬೇಡ. ಅಲ್ಯೂಮಿನಿಯಂ ಕಿವಿಗಳೂ ಚಿನ್ನದ ಉಂಗುರಗಳೂ ಟಾರ್ಗೆಟ್ ಐಡಿಯಲ್ಲಿ, ಅಂದರೆ ಲೋಹ ಗುರುತಿಸಲು ಯಂತ್ರ ತೋರಿಸುವ ಅಂಕಿಯಲ್ಲಿ, ಒಂದೇ ಬೀದಿಯಲ್ಲಿ ವಾಸ. ಉಂಗುರದ ತೂಕ, ಅಗಲ, ಮಿಶ್ರಲೋಹ ಬದಲಾದಂತೆ ಅದರ ಅಂಕಿ ಫಾಯಿಲ್‌ನಿಂದ ಹಿಡಿದು ನಾಣ್ಯದ ಹತ್ತಿರದವರೆಗೂ ಓಡಾಡುತ್ತದೆ. ಕಿವಿಗಳನ್ನು ಅಳಿಸಿದರೆ ಎಷ್ಟೋ ಉಂಗುರಗಳೂ ಅದರ ಜೊತೆ ಅಳಿಸಿಹೋಗುತ್ತವೆ. ಎರಡನ್ನೂ ಬೇರ್ಪಡಿಸುವ ಸೆಟ್ಟಿಂಗ್ ಯಾವ ವಿಎಲ್‌ಎಫ್ ಯಂತ್ರದಲ್ಲೂ ಇಲ್ಲ, ಇದೆ ಎಂದವರ ಮಾತು ನಂಬಬೇಡಿ.

ಒಂದು ಉಪಾಯ ಮಾತ್ರ ಇದೆ. ಕಿತ್ತು ಎಸೆಯುವ ಕಿವಿಗಳು 1960ರ ದಶಕದಲ್ಲಿ ಬಂದವು, ಕ್ಯಾನಿಗೇ ಅಂಟಿಕೊಂಡಿರುವ ಕಿವಿ 1975ರಲ್ಲಿ. ಒಂದು ಜಾಗದಲ್ಲಿ ಯಾವ ಕಾಲದ ಜನ ಕೂತು ಕುಡಿದರೋ ಅದೇ ಮಾದರಿಯ ಕಿವಿಗಳು ರಾಶಿ ಬೀಳುತ್ತವೆ. ಮೊದಲ ಹತ್ತು ಕಿವಿಗಳನ್ನು ಅಗೆದು ಅಂಕಿ ಬರೆದಿಟ್ಟುಕೊಳ್ಳಿ. ಉದಾಹರಣೆಗೆ ಎಲ್ಲವೂ ಎರಡು-ಮೂರು ಅಂಕಿಗಳೊಳಗೇ ಬಿದ್ದರೆ ಅಷ್ಟನ್ನು ಮಾತ್ರ ಬಿಟ್ಟು ನಡೆಯಬಹುದು. ಹುಲ್ಲು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಚೂರುಚೂರಾದ ಕ್ಯಾನ್‌ಗೆ ಈ ಉಪಾಯವೂ ನಡೆಯದು. ಪ್ರತಿ ಚೂರಿಗೂ ಒಂದೊಂದು ಅಂಕಿ. ಅಂಥ ಜಾಗದಲ್ಲಿ ಅಗೆಯುವುದು, ಇಲ್ಲವೇ ಜಾಗ ಬದಲಿಸುವುದು.

ಬಾಟಲಿ ಮುಚ್ಚಳ ಬೆಳ್ಳಿಯ ಹಾಗೆ ಹಾಡುತ್ತದೆ. ಕಬ್ಬಿಣ ತಾನೇ ಅದು?

ಉಕ್ಕೇ. ವಿಲಿಯಂ ಪೇಂಟರ್ 1892ರಲ್ಲಿ ಪೇಟೆಂಟ್ ಪಡೆದ ನಿರಿಗೆ ಅಂಚಿನ ಮುಚ್ಚಳದ ಮೊಮ್ಮಕ್ಕಳೇ ಇವತ್ತಿಗೂ ನೆಲದಲ್ಲಿ ಸಿಗುತ್ತಿರುವುದು. ತೆಳ್ಳಗೆ, ದುಂಡಗೆ, ಚಪ್ಪಟೆಯಾಗಿರುವುದರಿಂದ ಸುಳಿ ವಿದ್ಯುತ್ ಅದರಲ್ಲಿ ಸರಾಗವಾಗಿ ಸುತ್ತುತ್ತದೆ, ಯಂತ್ರ ಮೋಸಹೋಗುತ್ತದೆ. ತುಕ್ಕುಹಿಡಿದ ವಾಷರ್, ಬಾಗಿದ ಮೊಳೆ, ಕುದುರೆಲಾಳದಂಥ ದೊಡ್ಡ ಕಬ್ಬಿಣದ್ದೂ ಇದೇ ಆಟ.

ಹಿಡಿಯುವುದು ಹೀಗೆ. ಸದ್ದು ಬಂದ ಜಾಗದ ಮೇಲೆ ಕಾಯಿಲನ್ನು ಚಿಕ್ಕದಾಗಿ ಆಡಿಸುತ್ತ ನಿಮ್ಮ ಕಡೆಗೆ ನಿಧಾನವಾಗಿ ಎಳೆದುಕೊಳ್ಳಿ, ವಸ್ತು ಕಾಯಿಲ್‌ನ ಮೂತಿಯಿಂದ ಜಾರಿಹೋಗುವವರೆಗೆ. ನಾಣ್ಯವಾದರೆ ಅಂಕಿ ಸ್ಥಿರವಾಗಿದ್ದು ಸದ್ದು ಮಾಸುತ್ತದೆ. ಮುಚ್ಚಳವಾದರೆ ಅಂಚಿಗೆ ಬಂದಾಗ ಸ್ವರ ಬಿರಿಯುತ್ತದೆ, ಅಂಕಿ ಕುಸಿಯುತ್ತದೆ, ಗುರ್ ಎಂಬ ಕಬ್ಬಿಣದ ದನಿ ಇಣುಕುತ್ತದೆ. ಮೂಗು ಹಿಡಿದರೆ ಬಾಯಿ ಬಿಡುವ ಹಾಗೆ. ಇನ್ನೊಂದು ಪರೀಕ್ಷೆ, ವಸ್ತುವಿನ ಸುತ್ತ ಕಾಲುಸುತ್ತು ತಿರುಗಿ 90 ಡಿಗ್ರಿಯಿಂದ ಬೀಸುವುದು. ಉದ್ದ ಮೊಳೆ ಒಂದು ಕಡೆಯಿಂದ ಮಾತ್ರ ಬೆಳ್ಳಿಯಂತೆ ನಟಿಸುತ್ತದೆ, ಇನ್ನೊಂದು ಕಡೆಯಿಂದ ಬಣ್ಣ ಬಯಲು.

ಇಷ್ಟಾಗಿಯೂ, ಒಂದು ದಿಕ್ಕಿನಿಂದ ಮಾತ್ರ ಒಳ್ಳೆಯ ಸದ್ದು ಕೊಟ್ಟ ಜಾಗವನ್ನೆಲ್ಲ ಬಿಡಬೇಡಿ. ಮೊಳೆಯ ಪಕ್ಕದ ನಾಣ್ಯವೂ ಹೀಗೇ ನಡೆದುಕೊಳ್ಳುತ್ತದೆ. ವ್ಯತ್ಯಾಸ ಏನೆಂದರೆ, ಪಿನ್‌ಪಾಯಿಂಟ್ ಮಾಡಿದಾಗ (ವಸ್ತು ಇರುವ ನಿಖರ ಜಾಗ ಗುರುತಿಸುವಾಗ) ನಾಣ್ಯದ ಸದ್ದು ಎಲ್ಲಿ ಬಂತೋ ಅಲ್ಲೇ ನಿಲ್ಲುತ್ತದೆ. ಮೊಳೆಯ ನಟನೆಯಾದರೆ ಜಾಗ ಒಂದೆರಡು ಬೆರಳು ಅತ್ತಿತ್ತ ಸರಿಯುತ್ತದೆ.

ಐರನ್ ಬಯಾಸ್ ಎಷ್ಟಿಡಬೇಕು?

ಅನುಮಾನದ ಸಂಕೇತ ಬಂದಾಗ ಯಂತ್ರ ‘ಕಬ್ಬಿಣ’ ಎನ್ನಬೇಕೋ ‘ಬೇರೆ’ ಎನ್ನಬೇಕೋ ಎಂಬ ಒಲವು ಇದು. ಜಾಸ್ತಿ ಇಟ್ಟರೆ ಸುಳ್ಳು ಸದ್ದು ಕಡಿಮೆ, ಆದರೆ ಮೊಳೆಗಂಟಿದ ನಾಣ್ಯವೂ ಕಬ್ಬಿಣದ ಲೆಕ್ಕಕ್ಕೆ ಹೋಗುತ್ತದೆ. ಮೊಳೆ ಜಾಸ್ತಿ ಇರುವ ಹಳೆಯ ಜಾಗದಲ್ಲಿ ತೀರಾ ಕಡಿಮೆ. ಮುಚ್ಚಳಗಳೇ ತುಂಬಿದ ಪಾರ್ಕು, ಸಮುದ್ರ ದಂಡೆಯಲ್ಲಿ ಮಧ್ಯಮಕ್ಕಿಂತ ತುಸು ಮೇಲೆ.

ಎಲ್ಲೆಲ್ಲೂ ಕಸವೇ ಇರುವಾಗ ಗ್ರೌಂಡ್ ಬ್ಯಾಲೆನ್ಸ್ ಮಾಡುವುದೆಲ್ಲಿ?

ಇದನ್ನು ಹೆಚ್ಚಿನವರು ಕೇಳುವುದೇ ಇಲ್ಲ, ಕೇಳಬೇಕು. ಗ್ರೌಂಡ್ ಬ್ಯಾಲೆನ್ಸ್ ಎಂದರೆ ಮಣ್ಣಿನ ಖನಿಜದ ಸದ್ದನ್ನು ಸೊನ್ನೆಗೆ ತರುವುದು. ಕೆಳಗೆ ಮೊಳೆ ಇದ್ದಾಗ ಕಾಯಿಲನ್ನು ಮೇಲೆ ಕೆಳಗೆ ಆಡಿಸಿದರೆ ಯಂತ್ರ ಮೊಳೆಯನ್ನೇ ಮಣ್ಣೆಂದು ತಿಳಿಯುತ್ತದೆ. ಆಮೇಲೆ ಇಡೀ ದಿನ ಎಲ್ಲವೂ ವಾರೆ.

ಮೊದಲು ಆಲ್ ಮೆಟಲ್ ಮೋಡ್‌ಗೆ ಹೋಗಿ, ಸದ್ದಿಲ್ಲದ ಒಂದು ಮೊರದಗಲ ಜಾಗ ಹುಡುಕಿ. ಸಿಗದಿದ್ದರೆ ಜಾಗದ ಅಂಚಿಗೆ, ಬೇಲಿಯ ಆಚೆಗೆ ನಡೆದುಹೋಗಿ. ಅಲ್ಲಿ ಬ್ಯಾಲೆನ್ಸ್ ಮಾಡಿ ಬೀಗ ಹಾಕಿ. ಟ್ರ್ಯಾಕಿಂಗ್, ಅಂದರೆ ತಾನಾಗಿಯೇ ಬ್ಯಾಲೆನ್ಸ್ ಸರಿಪಡಿಸಿಕೊಳ್ಳುತ್ತ ಹೋಗುವ ಸೌಲಭ್ಯ, ಕಸದಲ್ಲಿ ಆಫ್ ಇರಲಿ. ದಟ್ಟ ಕಬ್ಬಿಣದ ಮೇಲೆ ಅದು ದಾರಿ ತಪ್ಪುತ್ತದೆ.

ಯಾವ ಫ್ರೀಕ್ವೆನ್ಸಿ ಒಳ್ಳೆಯದು?

ಮಲ್ಟಿ ಫ್ರೀಕ್ವೆನ್ಸಿ ಇದ್ದರೆ ಅದರಲ್ಲೇ ಇರಿ. ಒಂದೇ ಆರಿಸಬೇಕಾದರೆ, 5 ಕಿಲೋಹರ್ಟ್ಸ್ ಸುಮಾರಿನದು ಬೆಳ್ಳಿ, ದಪ್ಪ ತಾಮ್ರಕ್ಕೆ ಒಲಿಯುತ್ತದೆ. 15ರಿಂದ 20 ಕಿಲೋಹರ್ಟ್ಸ್ ಸುಮಾರಿನದು ಸಣ್ಣ ಚಿನ್ನ, ತೆಳು ನಾಣ್ಯಗಳಿಗೆ ಚುರುಕು, ಫಾಯಿಲ್ ಚೂರಿಗೂ ಅಷ್ಟೇ ಚುರುಕು. ಮೊಳೆಗಳ ನಡುವೆ ನನ್ನ ಆಯ್ಕೆ ಎತ್ತರದ್ದು.

ಟೋನ್‌ಗಳು ಎಷ್ಟಿರಬೇಕು?

ಕಿವಿಗೆ ಬಿಟ್ಟದ್ದು. ಎಲ್ಲ ಅಂಕಿಗೂ ಒಂದೊಂದು ಸ್ವರ ಕೊಡುವ ಮೋಡ್‌ನಲ್ಲಿ ಮಾಹಿತಿ ಜಾಸ್ತಿ, ಆದರೆ ಮೂರು ಗಂಟೆ ಕೇಳಿದ ಮೇಲೆ ತಲೆ ಗಿರ್ ಎನ್ನುತ್ತದೆ. ದಟ್ಟ ಕಸದಲ್ಲಿ ಎರಡೇ ಸ್ವರ ಸಾಕು ಎಂದು ನನಗನ್ನಿಸುತ್ತದೆ: ಕಬ್ಬಿಣಕ್ಕೆ ಗುರ್, ಉಳಿದದ್ದಕ್ಕೆ ಟಿಂಗ್. ಅಂಕಿ ನೋಡುವುದು ನಿಂತ ಮೇಲೆ. ಹೆಡ್‌ಫೋನ್ ಮಾತ್ರ ಬೇಕೇ ಬೇಕು, ಸ್ಪೀಕರ್‌ನಲ್ಲಿ ಆ ಸಣ್ಣ ‘ಟಿಕ್’ ಗಾಳಿಗೆ ಹಾರಿಹೋಗುತ್ತದೆ.

ಪಿನ್‌ಪಾಯಿಂಟ್ ಒತ್ತಿದರೆ ಕಾಯಿಲ್ ಬೇರೆಲ್ಲಿಗೋ ಎಳೆಯುತ್ತದೆ.

ಆ ಗುಂಡಿಗೆ ಡಿಸ್ಕ್ರಿಮಿನೇಷನ್ ಗೊತ್ತಿಲ್ಲ, ಅದಕ್ಕೆ ಲೋಹವೆಲ್ಲ ಒಂದೇ. ಹತ್ತಿರದ ದಪ್ಪ ಕಬ್ಬಿಣದ ಕಡೆಗೆ ವಾಲುವುದು ಸಹಜ. ಕಾಯಿಲನ್ನು ವಸ್ತುವಿನಿಂದ ಸ್ವಲ್ಪ ಪಕ್ಕಕ್ಕೆ ಹಿಡಿದು ಗುಂಡಿ ಒತ್ತಿ ಹತ್ತಿರ ತಂದರೆ ಸದ್ದಿನ ವೃತ್ತ ಕಿರಿದಾಗುತ್ತದೆ. ಅದಕ್ಕಿಂತ ನಂಬಿಗಸ್ತ ದಾರಿ ಮೇಲೆ ಹೇಳಿದ ಹಿಂದೆಳೆಯುವ ವಿಧಾನ: ಒಳ್ಳೆಯ ಸ್ವರ ಮಾಸುವ ಕ್ಷಣದಲ್ಲಿ ವಸ್ತು ಕಾಯಿಲ್‌ನ ಮೂತಿಯ ಮುಂದೆಯೇ ಇರುತ್ತದೆ.

ಪಲ್ಸ್ ಇಂಡಕ್ಷನ್ ಯಂತ್ರ (ಬಿಟ್ಟು ಬಿಟ್ಟು ಮಿಡಿತ ಕಳಿಸುವ ಬೇರೆ ಬಗೆಯ ಡಿಟೆಕ್ಟರ್) ಇನ್ನೂ ಆಳ ಹೋಗುತ್ತದಂತೆ, ಅದನ್ನು ತರಲೇ?

ಮೊಳೆಗಳ ಜಾಗಕ್ಕೆ ಬೇಡ. ಕಬ್ಬಿಣವನ್ನು ಬೇರ್ಪಡಿಸುವುದರಲ್ಲಿ ಅವು ಬಹಳ ಹಿಂದೆ. ಒಂದೊಂದು ಮೊಳೆಗೂ ಮೊಣಕಾಲುದ್ದ ಗುಂಡಿ ತೋಡುವ ಶಿಕ್ಷೆ.

ಮನೆಯಲ್ಲೇ ಸೆಟ್ಟಿಂಗ್ ಪರೀಕ್ಷಿಸುವುದು ಹೇಗೆ?

ಒಂದು ಮೊಳೆಯಿಲ್ಲದ ಹಲಗೆ ತೆಗೆದುಕೊಳ್ಳಿ, ಮಂಚದ ಕಬ್ಬಿಣದಿಂದ, ನೆಲದ ಸರಳಿನಿಂದ ದೂರ ಅಂಗಳದಲ್ಲಿಡಿ. ಮೂರು ತುಕ್ಕು ಮೊಳೆಗಳನ್ನು ತ್ರಿಕೋನವಾಗಿ ಮಲಗಿಸಿ ಟೇಪ್ ಹಚ್ಚಿ, ನಡುವೆ ನಾಣ್ಯ ಇಡಿ. ಮೊಳೆಗೂ ನಾಣ್ಯಕ್ಕೂ ಎರಡು ಬೆರಳಿನ ಅಂತರ. ಈಗ ನಾಲ್ಕೂ ದಿಕ್ಕಿನಿಂದ ಬೀಸಿ ಎಷ್ಟರಲ್ಲಿ ನಾಣ್ಯ ಕೇಳಿಸಿತು ಎಂದು ಎಣಿಸಿ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಮತ್ತೆ ಎಣಿಸಿ. ರಿಕವರಿ ಸ್ಪೀಡ್ ಎರಡು ಮೆಟ್ಟಿಲು ಏರಿಸಿದ ಕೂಡಲೇ ಸತ್ತಂತಿದ್ದ ದಿಕ್ಕಿನಿಂದ ‘ಟಿಕ್’ ಬಂದರೆ, ಪುಸ್ತಕದಲ್ಲಿ ಓದಿದ್ದಕ್ಕಿಂತ ಚೆನ್ನಾಗಿ ಅರ್ಥವಾಗುತ್ತದೆ. ಆಮೇಲೆ ನಾಣ್ಯವನ್ನು ಹಲಗೆಯ ಅಡಿಗೆ ಹಾಕಿ ನೋಡಿ. ಮೊಳೆ ಮೇಲೆ, ನಾಣ್ಯ ಕೆಳಗೆ ಇರುವುದು ಎಷ್ಟು ಕಷ್ಟದ ಪ್ರಕರಣ ಎಂದು ಆಗ ತಿಳಿಯುತ್ತದೆ. ಅಲ್ಲಿ ಯಾವ ಸೆಟ್ಟಿಂಗೂ ಪೂರ್ತಿ ಕೈಹಿಡಿಯುವುದಿಲ್ಲ.

ಹಾಗಾದರೆ ಅಂಥ ನಾಣ್ಯಗಳಿಗೆ ದಾರಿಯೇ ಇಲ್ಲವೇ?

ಇದೆ, ಬೆನ್ನು ಬಗ್ಗಿಸುವ ದಾರಿ. ಅಗೆಯಲು ಅನುಮತಿ ಇರುವ ಜಾಗದಲ್ಲಿ ಎರಡು ಮೀಟರ್ ಚೌಕವೊಂದನ್ನು ಹಗ್ಗ ಹಾಕಿ ಗುರುತಿಸಿ, ಅದರೊಳಗೆ ಮೇಲ್ಪದರದಲ್ಲಿರುವ ಕಬ್ಬಿಣವನ್ನೆಲ್ಲ ಆರಿಸಿ ತೆಗೆಯಿರಿ. ಬೇಸರದ ಕೆಲಸ, ನಿಜ. ಮೇಲಿನ ಕಬ್ಬಿಣದ ಹೊದಿಕೆ ಎದ್ದ ಮೇಲೆ ಅದೇ ಚೌಕ ಹೊಸ ನೆಲದ ಹಾಗೆ ಮಾತಾಡುತ್ತದೆ. ತೆಗೆದ ಕಬ್ಬಿಣವನ್ನು ಚೀಲಕ್ಕೆ ಹಾಕಿಕೊಳ್ಳಿ. ಅಲ್ಲೇ ಎಸೆದರೆ ಮುಂದಿನ ವಾರ ಅದನ್ನೇ ಮತ್ತೆ ಅಗೆಯುತ್ತೀರಿ, ನಾನು ಅಗೆದಿದ್ದೇನೆ.

ವಸ್ತು ಸಿಕ್ಕ ಮೇಲೆ ಗುಂಡಿ ಮುಚ್ಚಬಹುದೇ?

ತಡೆಯಿರಿ. ಗುಂಡಿಯ ಮೇಲೆ ಇನ್ನೊಮ್ಮೆ ಕಾಯಿಲ್ ಬೀಸಿ, ಹೊರಗೆ ಹಾಕಿದ ಮಣ್ಣಿನ ಮೇಲೂ ಬೀಸಿ. ಮೇಲೆ ಹೇಳಿದ ಆ ತಾಮ್ರದ ಗುಂಡಿ ಸಿಕ್ಕ ದಿನ, ಎರಡು ಮೊಳೆ ತೆಗೆದ ಮೇಲೆ ಅದೇ ಕುಳಿಯ ಗೋಡೆಯಲ್ಲಿ, ಅಂಗೈ ಅಗಲದ ದೂರದಲ್ಲಿ, ಅದರ ಜೋಡಿ ಗುಂಡಿಯೂ ಟಿಂಗ್ ಎಂದಿತು.